‘ಅನನ್ಯ’ ಅನ್ನುವಾಗ ಕಟ್ಟುವ ದನಿ ‘ಪುಟ್ಟಪ್ಪ’ ಅನ್ನುವಾಗ ಬಿಡುವುದೇಕೆ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನನಗೆ 41 ವರ್ಷ. ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಎರಡು ವರ್ಷದಿಂದ ಮಾತಾಡುವಾಗ ದನಿ ಮಧ್ಯೆ ಮಧ್ಯೆ ಕಟ್ಟಿಕೊಳ್ಳುತ್ತದೆ. ಯಾರೋ ಗಂಟಲು ಹಿಚುಕಿದ ಹಾಗೆ. ಹಾಜರಿ ಕೂಗುವಾಗ ‘ಅನನ್ಯ’, ‘ಅಮೂಲ್ಯ’, ‘ಯಮುನಾ’ ಬಂದರೆ ನಿಂತೇಬಿಡುತ್ತದೆ. ‘ಪುಟ್ಟಪ್ಪ’, ‘ಸ್ಫೂರ್ತಿ’ ಸಲೀಸು. ಫೋನಿನಲ್ಲಂತೂ ಮಾತಾಡಲು ಆಗುವುದೇ ಇಲ್ಲ. ಆದರೆ ದೇವರನಾಮ ಹಾಡುವಾಗ, ಪಿಸುಗುಟ್ಟುವಾಗ, ನಗುವಾಗ ಏನೂ ತೊಂದರೆ ಇಲ್ಲ. ಗಂಟಲಿಗೆ ಕ್ಯಾಮೆರಾ ಹಾಕಿ ನೋಡಿ ನಾರ್ಮಲ್ ಅಂದರು. ಎಂಟು ತಿಂಗಳು ಆಸಿಡಿಟಿ ಮಾತ್ರೆ ನುಂಗಿದೆ. ಇನ್ನೊಬ್ಬರು ಟೆನ್ಶನ್ ಅಂದರು. ಮನೆಯಲ್ಲಿ ‘ಹಾಡೋಕೆ ಬರುತ್ತೆ, ಮಾತಾಡೋಕೆ ಬರಲ್ವಾ?’ ಅಂತಾರೆ. ಇದು ಮನಸ್ಸಿನ ಕಾಯಿಲೆಯೇ? ಬೊಟಾಕ್ಸ್ ಇಂಜೆಕ್ಷನ್ ಅಂತ ಓದಿದೆ, ಅದು ವಿಷ ಅಲ್ವಾ? ಮಗಳಿಗೂ ಬರುತ್ತದೆಯೇ? ನಾನು ಕೆಲಸ ಬಿಡಬೇಕೇ?

ಉತ್ತರ: ಮೇಡಂ, ನಿಮ್ಮ ಹಾಜರಿ ಪುಸ್ತಕ ಕ್ಯಾಮೆರಾಕ್ಕಿಂತ ಜಾಸ್ತಿ ಹೇಳಿದೆ. ‘ಅನನ್ಯ’ ಕಟ್ಟುತ್ತದೆ, ‘ಪುಟ್ಟಪ್ಪ’ ಕಟ್ಟುವುದಿಲ್ಲ ಎಂದು ನೀವು ಬರೆದ ಆ ಒಂದು ಸಾಲಿನ ಮೇಲೆ ನಾನು ತುಂಬಾ ಹೊತ್ತು ನಿಂತೆ. ಪತ್ರ ಓದಿ ರೋಗ ಇದೇ ಎಂದು ಮುದ್ರೆ ಒತ್ತಲು ಆಗುವುದಿಲ್ಲ. ನಿಮ್ಮ ದನಿಯನ್ನು ಕಿವಿಯಿಂದ ಕೇಳಲೇಬೇಕು. ಆದರೂ ನನಗೆ ಬಲವಾದ ಅನುಮಾನ ಇರುವುದು ಸ್ಪಾಸ್ಮೋಡಿಕ್ ಡಿಸ್ಫೋನಿಯಾ ಎಂಬ ಅಪರೂಪದ ತೊಂದರೆಯ ಮೇಲೆ. ಈಗ ಇದನ್ನು ಲ್ಯಾರಿಂಜಿಯಲ್ ಡಿಸ್ಟೋನಿಯಾ ಎಂದೂ ಕರೆಯುತ್ತಾರೆ. ಇದು ಮನಸ್ಸಿನ ಕಾಯಿಲೆ ಅಲ್ಲ. ಮಿದುಳಿನಿಂದ ಧ್ವನಿಪೆಟ್ಟಿಗೆಯ ಸ್ನಾಯುಗಳಿಗೆ ಹೋಗುವ ಅಪ್ಪಣೆಯಲ್ಲೇ ಆಗುವ ಎಡವಟ್ಟು.

ಮೊದಲು ಆ ಎರಡು ಹೆಸರುಗಳ ವಿಷಯ. ಬೆರಳನ್ನು ಗಂಟಲ ಮೇಲೆ ಇಟ್ಟುಕೊಂಡು ‘ಸ್‌ಸ್‌ಸ್’ ಅನ್ನಿ. ಏನೂ ಅದುರುವುದಿಲ್ಲ. ಈಗ ‘ಮ್‌ಮ್‌ಮ್’ ಅನ್ನಿ. ಬೆರಳಿಗೆ ಝುಂ ಎನ್ನುತ್ತದೆ. ಮ, ನ, ಯ, ರ, ಲ, ವ, ಗ, ದ, ಬ ಮತ್ತು ಎಲ್ಲ ಸ್ವರಗಳಿಗೆ ಧ್ವನಿತಂತುಗಳು ಹತ್ತಿರ ಬಂದು ಅದುರಬೇಕು. ಹೆಂಗಸರಲ್ಲಿ ಅವು ಸೆಕೆಂಡಿಗೆ ಸುಮಾರು 200 ಸಲ ಅದುರುತ್ತವೆ. ಕ, ಟ, ತ, ಪ, ಸ ಬಂದಾಗ ಅವು ಕ್ಷಣ ದೂರ ಸರಿದು ಗಾಳಿಗೆ ದಾರಿ ಬಿಡುತ್ತವೆ. ‘ಅನನ್ಯ’ದಲ್ಲಿ ಶುರುವಿನಿಂದ ಕೊನೆಯವರೆಗೆ ಅದುರುತ್ತಲೇ ಇರಬೇಕು, ಬಿಡುವೇ ಇಲ್ಲ. ‘ಪುಟ್ಟಪ್ಪ’ದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಬಿಡುವು ಸಿಗುತ್ತದೆ. ನಿಮ್ಮ ಧ್ವನಿತಂತುಗಳು ಅದುರಬೇಕಾದ ಹೊತ್ತಿನಲ್ಲಿ, ಬೇಡವೆಂದರೂ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿವೆ. ಅದಕ್ಕೇ ಹಿಚುಕಿದ ಹಾಗೆ ದನಿ ಕಟ್ಟುತ್ತದೆ. ಇದನ್ನು ಅಡಕ್ಟರ್ ಬಗೆ ಎನ್ನುತ್ತೇವೆ. ಈ ಕಾಯಿಲೆ ಇರುವ ಹತ್ತು ಜನರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿಗೆ ಇರುವುದು ಇದೇ.

ಇದರ ತದ್ವಿರುದ್ಧ ಬಗೆಯೂ ಒಂದಿದೆ, ಅಬ್ಡಕ್ಟರ್. ಅದರಲ್ಲಿ ತಂತುಗಳು ಬೇಡದಾಗ ಬಾಯಿ ತೆರೆದು ನಿಲ್ಲುತ್ತವೆ. ಮಾತಿನ ನಡುವೆ ಗಾಳಿ ಸೋರಿ ದನಿ ಪಿಸುಮಾತಾಗುತ್ತದೆ. ಅಂಥವರಿಗೆ ‘ಅನನ್ಯ’ ಸಲೀಸು, ‘ಪುಟ್ಟಪ್ಪ’ ಕಷ್ಟ.

ಕನ್ನಡದಲ್ಲಿ ಇದನ್ನು ಪರೀಕ್ಷಿಸಲು ನಾನು ಎರಡು ಸಾಲು ಇಟ್ಟುಕೊಂಡಿದ್ದೇನೆ. ‘ಅವನ ಮನೆಯ ಎದುರು ಅರಳಿ ಮರ ಇದೆ’ ಎಂಬುದು ಒಂದು. ‘ಪುಟ್ಟ ಕತ್ತೆ ಹತ್ತಿ ಹೊತ್ತಿತ್ತು’ ಎಂಬುದು ಇನ್ನೊಂದು. ಮೊದಲನೆಯದು ಪೂರ್ತಿ ಅದುರುವ ಅಕ್ಷರಗಳ ಸಾಲು, ಎರಡನೆಯದರಲ್ಲಿ ಅದುರದ ವ್ಯಂಜನಗಳೇ ತುಂಬಿವೆ. ಎರಡನ್ನೂ ಐದೈದು ಸಲ ಹೇಳಿಸಿ, ಕಣ್ಣು ಮುಚ್ಚಿ ಕೇಳುತ್ತೇನೆ. ಇಂಗ್ಲಿಷ್ ಸಾಲುಗಳನ್ನು ಓದಿಸಿದರೆ ನಮ್ಮ ಎಷ್ಟೋ ಜನ ಓದುವುದಕ್ಕೇ ತಡವರಿಸುತ್ತಾರೆ. ಆಗ ರೋಗದ ತಡವರಿಕೆ ಯಾವುದು, ಭಾಷೆಯದು ಯಾವುದು ಎಂದು ತಿಳಿಯುವುದೇ ಇಲ್ಲ.

ಇದನ್ನು ನನಗೆ ಕಲಿಸಿದವರು ಒಬ್ಬ ಬಸ್ ಕಂಡಕ್ಟರ್. ನಾನಿನ್ನೂ ಕಲಿಯುತ್ತಿದ್ದ ದಿನಗಳು. ಶಿವಮೊಗ್ಗ–ಸಾಗರ ರೂಟಿನವರು. ‘ಸಾರ್, ಟಿಕೆಟ್ ಟಿಕೆಟ್ ಅಂತ ದಿನವಿಡೀ ಕೂಗ್ತೀನಿ, ಏನೂ ಆಗಲ್ಲ. ಆಯನೂರು, ಆನಂದಪುರ ಅಂತ ಕೂಗೋಕೆ ಹೋದ್ರೆ ಗಂಟಲು ಮುಚ್ಚಿಹೋಗುತ್ತೆ’ ಎಂದರು. ಅವರ ರಿಪೋರ್ಟಿನಲ್ಲೂ ನಾರ್ಮಲ್ ಎಂದೇ ಇತ್ತು. ನಾವು ಅವರನ್ನು ಮನೋವೈದ್ಯರ ಬಳಿ ಕಳಿಸಿದೆವು. ರೋಗಿ ತಾನಾಗಿ ರೋಗವನ್ನು ಅಷ್ಟು ಸ್ಪಷ್ಟವಾಗಿ ಬಿಡಿಸಿ ಹೇಳಿದ್ದರು, ನಮ್ಮ ಕಿವಿ ತಯಾರಿರಲಿಲ್ಲ. ಅವರಿಗೆ ಸರಿಯಾದ ಹೆಸರು ಸಿಕ್ಕಿದ್ದು ಮೂರು ವರ್ಷದ ಮೇಲೆ. ಆ ಮೂರು ವರ್ಷದ ನೋವು ಇವತ್ತಿಗೂ ನನ್ನಲ್ಲಿದೆ. ನಿಮ್ಮ ಪತ್ರಕ್ಕೆ ಇಷ್ಟು ಉದ್ದದ ಉತ್ತರ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಹಾಗಾದರೆ ಕ್ಯಾಮೆರಾದಲ್ಲಿ ನಾರ್ಮಲ್ ಬಂದಿದ್ದು ಹೇಗೆ? ನಿಮ್ಮ ನಾಲಿಗೆ ಹಿಡಿದು ಹೊರಗೆ ಎಳೆದು, ಬಾಯಿಯೊಳಗೆ ಗಟ್ಟಿ ಕೊಳವೆ ಇಟ್ಟು ‘ಈ’ ಅನ್ನಿ ಎಂದಿರಬೇಕು, ಅಲ್ವಾ? ಗಂಟು, ಊತ, ಗಡ್ಡೆ ಹುಡುಕಲು ಅದು ಒಳ್ಳೆಯ ಪರೀಕ್ಷೆ. ಆದರೆ ನಾಲಿಗೆ ಬೇರೆಯವರ ಕೈಯಲ್ಲಿದ್ದಾಗ ಯಾರೂ ಮಾತಾಡಲು ಆಗುವುದಿಲ್ಲ. ನಿಮ್ಮ ತೊಂದರೆ ಎದ್ದು ಬರುವುದೇ ಮಾತಿನಲ್ಲಿ. ಧ್ವನಿತಂತುಗಳು ನೋಡಲು ಚೆನ್ನಾಗಿಯೇ ಇರುತ್ತವೆ, ತಪ್ಪು ಇರುವುದು ಅವುಗಳ ಚಲನೆಯಲ್ಲಿ. ಅದಕ್ಕೆ ಮೂಗಿನ ಮೂಲಕ ಸಣ್ಣ, ಬಾಗುವ ಕೊಳವೆ ಇಳಿಸಿ, ನಿಮ್ಮನ್ನು ಸಹಜವಾಗಿ ಮಾತಾಡಿಸುತ್ತಾ ನೋಡಬೇಕು. ಮಾತು, ಹಾಡು, ಪಿಸುಮಾತು, ಸೀಟಿ ಎಲ್ಲವನ್ನೂ ಮಾಡಿಸಬೇಕು. ಮುಂದಿನ ಸಲ ಹೋದಾಗ ‘ಮೂಗಿನಿಂದ ನೋಡಿ, ನಾನು ಮಾತಾಡುವಾಗ ನೋಡಿ’ ಎಂದು ಸಂಕೋಚವಿಲ್ಲದೆ ಕೇಳಿ. ಎಂ.ಆರ್.ಐ. ಅಥವಾ ರಕ್ತಪರೀಕ್ಷೆಯಲ್ಲಿ ಈ ಕಾಯಿಲೆ ಕಾಣುವುದಿಲ್ಲ. ಅವನ್ನು ಮಾಡಿಸುವುದು ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು.

ಹಾಡಲು ಬರುತ್ತದೆ, ಮಾತಾಡಲು ಬರುವುದಿಲ್ಲ ಎಂಬುದು ಮನೆಯವರಿಗೆ ನಾಟಕದಂತೆ ಕಾಣುತ್ತದೆ. ನಮಗೆ ಅದೇ ದೊಡ್ಡ ಸುಳಿವು. ಬೇಡವೆಂದರೂ ಸ್ನಾಯು ತಾನಾಗಿ ಸೆಟೆದುಕೊಳ್ಳುವ ಡಿಸ್ಟೋನಿಯಾ ಎಂಬ ಗುಂಪಿನ ಕಾಯಿಲೆಗಳ ಗುಣವೇ ಹಾಗೆ. ಕೆಲವರಿಗೆ ಪೆನ್ನು ಹಿಡಿದು ಬರೆಯುವಾಗ ಮಾತ್ರ ಕೈ ಸೆಟೆದುಕೊಳ್ಳುತ್ತದೆ. ಅದೇ ಕೈಯಲ್ಲಿ ತರಕಾರಿ ಹೆಚ್ಚುತ್ತಾರೆ, ಗುಂಡಿ ಹಾಕಿಕೊಳ್ಳುತ್ತಾರೆ. ಸ್ನಾಯು ಒಂದೇ, ಆದರೆ ಪ್ರತಿ ಕೆಲಸಕ್ಕೂ ಮಿದುಳು ಅಪ್ಪಣೆ ಕಳಿಸುವ ದಾರಿ ಬೇರೆ. ಮಾತಿನ ದಾರಿಯಲ್ಲಿ ತೊಡಕಾಗಿದೆ. ನಗು, ಅಳು, ಹಾಡಿನ ದಾರಿ ಬಹುಮಟ್ಟಿಗೆ ತೆರೆದೇ ಇದೆ. ಈ ಪ್ಯಾರಾವನ್ನು ಮನೆಯವರಿಗೆ ಓದಿ ಹೇಳಿ. ಓದಲು ದನಿ ಕಟ್ಟಿದರೆ ಅವರ ಕೈಗೇ ಕೊಡಿ.

ಟೆನ್ಶನ್ ಆದಾಗ ಇದು ಜಾಸ್ತಿಯಾಗುವುದು ನಿಜ. ಫೋನಿನಲ್ಲಿ, ಹೆಡ್‌ಮಾಸ್ಟರ ಎದುರು, ಪೋಷಕರ ಸಭೆಯಲ್ಲಿ ಹೆಚ್ಚು ಕಟ್ಟುತ್ತದೆ. ಪಾರ್ಕಿನ್‌ಸನ್ ಇದ್ದವರ ಕೈನಡುಕವೂ ನಾಲ್ಕು ಜನ ನೋಡುವಾಗ ಜಾಸ್ತಿಯಾಗುತ್ತದೆ, ಹಾಗೆಂದು ಅದನ್ನು ಯಾರೂ ಮನಸ್ಸಿನ ಕಾಯಿಲೆ ಅನ್ನುವುದಿಲ್ಲ. 1871ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ಟ್ರೌಬೆ ಇದನ್ನು ಮೊದಲು ವಿವರಿಸಿದಾಗಲೇ ‘ನರ್ವಸ್’ ಗೊಗ್ಗರು ದನಿ ಎಂಬ ಹಣೆಪಟ್ಟಿ ಅಂಟಿತು. ನೂರು ವರ್ಷ ಅದು ಕಳಚಲಿಲ್ಲ. ಈಗಲೂ ಪೂರ್ತಿ ಕಳಚಿಲ್ಲ. 2015ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಈ ರೋಗಿಗಳಿಗೆ ಸರಿಯಾದ ಹೆಸರು ಸಿಗಲು ಸರಾಸರಿ ನಾಲ್ಕು ವರ್ಷಕ್ಕೂ ಜಾಸ್ತಿ ಹಿಡಿದಿತ್ತು, ಅಷ್ಟರಲ್ಲಿ ಅವರು ಸುಮಾರು ನಾಲ್ವರು ವೈದ್ಯರನ್ನು ಕಂಡಿದ್ದರು. ನಿಮ್ಮ ಎರಡು ವರ್ಷದ ಅಲೆದಾಟ ನಿಮ್ಮ ತಪ್ಪಲ್ಲ.

ಇನ್ನು, ಇದೇ ಹೌದೋ ಬೇರೆಯೋ ಎಂದು ಬಿಡಿಸುವ ಕೆಲಸ. ಟೀಚರುಗಳಲ್ಲಿ ಹೆಚ್ಚು ಕಾಣುವುದು ಸ್ನಾಯು ಬಿಗಿತದ ದನಿ. ವರ್ಷಗಟ್ಟಲೆ ಕೂಗಿ ಕೂಗಿ ಗಂಟಲಿನ ಸ್ನಾಯುಗಳು ಬಿಗಿ ಹಿಡಿಯುವುದನ್ನೇ ರೂಢಿ ಮಾಡಿಕೊಂಡಿರುತ್ತವೆ. ಕೇಳಲು ನಿಮ್ಮ ದನಿಯಂತೆಯೇ ಇರುತ್ತದೆ. ಆದರೆ ಅಲ್ಲಿ ‘ಅನನ್ಯ’ವೂ ಬಿಗಿ, ‘ಪುಟ್ಟಪ್ಪ’ವೂ ಬಿಗಿ. ಒಳ್ಳೆಯ ಸ್ಪೀಚ್ ಥೆರಪಿಸ್ಟ್ ಕೈಯಲ್ಲಿ ಕೆಲವು ವಾರದಲ್ಲಿ ಅದು ಸಡಿಲವಾಗುತ್ತದೆ. ಹಾಗಾಗಿ ಇಂಜೆಕ್ಷನ್ನಿಗೆ ಮೊದಲು ಆರೆಂಟು ವಾರದ ಥೆರಪಿಯನ್ನು ನಾನು ಸಾಮಾನ್ಯವಾಗಿ ಬಿಡುವುದಿಲ್ಲ. ಅದು ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ಇನ್ನೊಂದು, ದನಿಯ ನಡುಕ. ‘ಆ’ ಎಂದು ಉದ್ದಕ್ಕೆ ಎಳೆದಾಗ ಸೆಕೆಂಡಿಗೆ ನಾಲ್ಕೈದು ಸಲ ಲಯವಾಗಿ ಏರಿಳಿಯುತ್ತದೆ. ಹಲವರಲ್ಲಿ ಡಿಸ್ಟೋನಿಯಾ ಮತ್ತು ನಡುಕ ಎರಡೂ ಸೇರಿಕೊಂಡಿರುತ್ತವೆ.

ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಿಕೊಳ್ಳಲು ಬಿಡಬಾರದು. ಅದರಲ್ಲಿ ನರದ ಸಂದೇಶ ಸ್ನಾಯುವನ್ನು ಸರಿಯಾಗಿ ಮುಟ್ಟುವುದಿಲ್ಲ. ಬೆಳಗ್ಗೆ ದನಿ ಚೆನ್ನಾಗಿರುತ್ತದೆ, ಮಾತಾಡುತ್ತಾ ಹೋದಂತೆ ಸೋಲುತ್ತದೆ. ಐವತ್ತರವರೆಗೆ ಗಟ್ಟಿಯಾಗಿ ಎಣಿಸಿದರೆ ಮೂವತ್ತರ ಹೊತ್ತಿಗೇ ಮೂಗಿನಲ್ಲಿ ಬರಬಹುದು. ರೆಪ್ಪೆ ಜೋಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಅಗಿಯುತ್ತಾ ದವಡೆ ದಣಿಯುತ್ತದೆ. ಇದಕ್ಕೆ ಒಳ್ಳೆಯ ಔಷಧಿಗಳಿವೆ. ಆದರೆ ಗೊತ್ತಿಲ್ಲದೆ ಇವರಿಗೆ ಬೊಟಾಕ್ಸ್ ಕೊಟ್ಟರೆ ನುಂಗುವುದು, ಉಸಿರಾಡುವುದು ಕಷ್ಟವಾಗಬಹುದು. ನಾಲಿಗೆ ತೊದಲುವುದು, ನಾಲಿಗೆಯ ಮೇಲೆ ಹುಳ ಹರಿದಂತೆ ಅದುರುವುದು, ಕೈಕಾಲು ಸೊರಗುವುದು ಕಂಡರೆ ನಮ್ಮ ದಾರಿ ನೇರ ನರರೋಗ ತಜ್ಞರ ಕಡೆಗೆ. ಥೈರಾಯ್ಡ್ ಆಪರೇಷನ್ ಆದ ಮೇಲೆ ದನಿ ಗಾಳಿ ಗಾಳಿಯಾದರೆ ಒಂದು ಕಡೆಯ ಧ್ವನಿತಂತು ನಿಂತುಹೋಗಿರಬಹುದು, ಅದು ಬೇರೆಯೇ ಲೆಕ್ಕ. ಹದಿಹರೆಯದವರಲ್ಲಿ ಮಾತು ಕೆಟ್ಟು ಜೊತೆಗೆ ಕೈಯೂ ನಡುಗಿದರೆ ವಿಲ್ಸನ್ ಕಾಯಿಲೆಯನ್ನು ನೋಡಲೇಬೇಕು. ಅದು ದೇಹದಲ್ಲಿ ತಾಮ್ರ ಸೇರಿಕೊಂಡು ಬರುವ ಕಾಯಿಲೆ, ಬೇಗ ಹಿಡಿದರೆ ಔಷಧಿ ಇದೆ. ನಿಮ್ಮ ಪತ್ರದಲ್ಲಿ ಇವು ಯಾವುದರ ಸುಳಿವೂ ನನಗೆ ಕಾಣಲಿಲ್ಲ. ಆದರೂ ಒಮ್ಮೆ ನರರೋಗ ತಜ್ಞರು ನೋಡಲಿ.

ಈಗ ಬೊಟಾಕ್ಸ್. ವಿಷ ಅಲ್ವಾ ಎಂದು ಕೇಳಿದ್ದೀರಿ. ಹೌದು, ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾ ಮಾಡುವ ವಿಷವೇ. ಅದನ್ನು ಶುದ್ಧ ಮಾಡಿ, ಅಳತೆ ಮಾಡಿ ಕೊಡುತ್ತೇವೆ. ಎಲ್ಲ ಮಾತು ಆ ಅಳತೆಯ ಮೇಲೆ ನಿಂತಿದೆ. ಹುಬ್ಬುಗಳ ನಡುವಿನ ಸುಕ್ಕು ತೆಗೆಸಿಕೊಳ್ಳುವವರಿಗೆ ಸಾಮಾನ್ಯವಾಗಿ 20 ಯೂನಿಟ್ ಹಾಕುತ್ತಾರೆ. ನಿಮ್ಮಂಥವರ ಧ್ವನಿತಂತುವಿಗೆ ಮೊದಲ ಸಲ ಹಾಕುವುದು ಒಂದೊಂದು ಕಡೆಗೆ ಸುಮಾರು 1 ಯೂನಿಟ್. ಅದು ನರದ ತುದಿಯಿಂದ ಸ್ನಾಯುವಿಗೆ ಸಂದೇಶ ಒಯ್ಯುವ ರಾಸಾಯನಿಕವನ್ನು ತಡೆಯುತ್ತದೆ. ಸ್ನಾಯು ಸಾಯುವುದಿಲ್ಲ, ಸೆಟೆದುಕೊಳ್ಳುವ ಬಲ ಕಳೆದುಕೊಳ್ಳುತ್ತದೆ. ಮೂರು ನಾಲ್ಕು ತಿಂಗಳಲ್ಲಿ ನರ ಮತ್ತೆ ಸಂದೇಶ ಕಳಿಸಲು ಶುರು ಮಾಡುತ್ತದೆ. ಸೆಳೆತವೂ ವಾಪಸ್ ಬರುತ್ತದೆ.

1984ರಲ್ಲಿ ನ್ಯೂಯಾರ್ಕಿನಲ್ಲಿ ಆಂಡ್ರ್ಯೂ ಬ್ಲಿಟ್ಜರ್ ಮತ್ತು ಮಿಚೆಲ್ ಬ್ರಿನ್ ಇದನ್ನು ಧ್ವನಿಪೆಟ್ಟಿಗೆಗೆ ಮೊದಲು ಕೊಟ್ಟರು. ಅದಕ್ಕೂ ಮೊದಲು, 1976ರಲ್ಲಿ ಹರ್ಬರ್ಟ್ ಡೀಡೊ ಧ್ವನಿತಂತುವಿಗೆ ಹೋಗುವ ಒಂದು ಕಡೆಯ ನರವನ್ನೇ ಕತ್ತರಿಸುವ ಆಪರೇಷನ್ ಪ್ರಕಟಿಸಿದ್ದರು. ಎದ್ದ ತಕ್ಷಣ ರೋಗಿಗಳು ಸಲೀಸಾಗಿ ಮಾತಾಡಿದರು. ಮೂರು ವರ್ಷ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಸೆಳೆತ ಮರಳಿತ್ತು ಎಂದು ಇನ್ನೊಂದು ಆಸ್ಪತ್ರೆಯವರು ಲೆಕ್ಕ ಕೊಟ್ಟರು. ನರ ಕತ್ತರಿಸಿದ್ದು ಶಾಶ್ವತ, ಗುಣ ಮಾತ್ರ ತಾತ್ಕಾಲಿಕ. ಬೊಟಾಕ್ಸಿನಲ್ಲಿ ಎರಡೂ ತಾತ್ಕಾಲಿಕ. ಅಳತೆ ತಪ್ಪಿದರೂ ತಿಂಗಳುಗಳಲ್ಲಿ ಸರಿಹೋಗುತ್ತದೆ ಎಂಬುದೇ ನನಗೆ ಅದರ ಮೇಲಿರುವ ನಂಬಿಕೆಗೆ ಕಾರಣ.

ಹೇಗೆ ಕೊಡುತ್ತಾರೆ ಎಂದು ತಿಳಿದರೆ ಅರ್ಧ ಭಯ ಹೋಗುತ್ತದೆ. ಮಲಗಿಸಿ ಕತ್ತನ್ನು ಸ್ವಲ್ಪ ಹಿಂದಕ್ಕೆ ಬಾಗಿಸುತ್ತೇವೆ. ಗಂಟಲ ಮುಂದೆ ಉಬ್ಬಿರುವ ಗಟ್ಟಿ ಭಾಗದ ಕೆಳಗೆ ಒಂದು ಸಣ್ಣ ಗುಳಿ ಸಿಗುತ್ತದೆ. ಅಲ್ಲಿ ಚರ್ಮದ ಮೂಲಕ ಸಣ್ಣ ಸೂಜಿ ಹಾಕುತ್ತೇವೆ. ಆ ಸೂಜಿಗೆ, ಸ್ನಾಯುವಿನ ವಿದ್ಯುತ್ ಸಂಕೇತವನ್ನು ಸದ್ದಾಗಿ ಕೇಳಿಸುವ ಇ.ಎಂ.ಜಿ. ಯಂತ್ರದ ತಂತಿ ಜೋಡಿಸಿರುತ್ತದೆ. ನೀವು ‘ಈ’ ಅಂದಾಗ ಸೂಜಿ ಸರಿಯಾದ ಸ್ನಾಯುವಿನಲ್ಲಿದ್ದರೆ ಯಂತ್ರ ಜೋರಾಗಿ ಚರಚರ ಎನ್ನುತ್ತದೆ, ಸ್ಟೇಷನ್ ಸಿಗದ ರೇಡಿಯೋ ಥರ. ಆ ಸದ್ದು ಕೇಳಿದ ಮೇಲೇ ಔಷಧಿ ಬಿಡುವುದು. ಎಲ್ಲ ಸೇರಿ ಕೆಲವು ನಿಮಿಷ. ಕೆಮ್ಮು ಬಂದಂತಾಗುತ್ತದೆ, ಸ್ವಲ್ಪ ನೋಯುತ್ತದೆ. ಅರಿವಳಿಕೆ ಕೊಟ್ಟು ಮಲಗಿಸುವುದಿಲ್ಲ, ಅವತ್ತೇ ಮನೆಗೆ. ಅಬ್ಡಕ್ಟರ್ ಬಗೆಯಲ್ಲಿ ಔಷಧಿ ಹಾಕಬೇಕಾದ್ದು ಹಿಂಬದಿಯ ಬೇರೆ ಸ್ನಾಯುವಿಗೆ. ಉಸಿರಿಗೆ ದಾರಿ ತೆರೆಯುವುದೂ ಅದೇ ಸ್ನಾಯು. ಹಾಗಾಗಿ ಅಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕಡೆ, ಬಹಳ ಹುಷಾರಾಗಿ.

ಮರುದಿನವೇ ಒಳ್ಳೆಯ ದನಿ ಬರುತ್ತದೆ ಎಂದುಕೊಳ್ಳಬೇಡಿ. ಒಂದರಿಂದ ಮೂರು ದಿನದಲ್ಲಿ ಔಷಧಿ ಹಿಡಿಯುತ್ತದೆ. ಆಮೇಲೆ ಒಂದೆರಡು ವಾರ ದನಿ ಗಾಳಿಯಂತೆ, ತೆಳ್ಳಗೆ ಇರುತ್ತದೆ. ಕೂಗಲು ಆಗುವುದೇ ಇಲ್ಲ. ಆ ದಿನಗಳಲ್ಲಿ ನೀರು, ತಿಳಿಸಾರು, ಮಜ್ಜಿಗೆ ಕುಡಿಯುವಾಗ ನೆತ್ತಿಗೆ ಹತ್ತಬಹುದು. ಲೋಟ ಎತ್ತಿ ಗಟಗಟ ಕುಡಿಯಬಾರದು. ಗದ್ದ ಎದೆಗೆ ತಗ್ಗಿಸಿ, ಒಂದೊಂದೇ ಗುಟುಕು. ಇಡ್ಲಿ, ಮುದ್ದೆ, ಗಟ್ಟಿ ಗಂಜಿಗೆ ಅಷ್ಟು ತೊಂದರೆ ಇರುವುದಿಲ್ಲ. ಉಸಿರಾಟ ಕಷ್ಟವಾದರೆ, ಊಟವೇ ಇಳಿಯದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಬನ್ನಿ. ಎರಡು ವಾರ ದಾಟಿದ ಮೇಲೆ ಒಳ್ಳೆಯ ದಿನಗಳು ಶುರುವಾಗುತ್ತವೆ. ಗರ್ಭಿಣಿಯರಿಗೆ, ಎದೆಹಾಲು ಕೊಡುವವರಿಗೆ ಇದನ್ನು ಹಾಕುವುದಿಲ್ಲ. ಜೆಂಟಾಮೈಸಿನ್, ಅಮಿಕಾಸಿನ್ ಥರದ ಆ್ಯಂಟಿಬಯೋಟಿಕ್ ನಡೆಯುತ್ತಿದ್ದರೂ ಮೊದಲೇ ಹೇಳಬೇಕು.

ಮೊದಲ ಸಲವೇ ಅಳತೆ ಹೊಂದುವುದು ಅಪರೂಪ. ಒಂದು ಪುಟ್ಟ ಡೈರಿ ಇಡಿ. ಇಂಜೆಕ್ಷನ್ ಆದ ದಿನ, ದನಿ ತೆಳ್ಳಗಾದ ದಿನ, ನೆತ್ತಿಗೆ ಹತ್ತುವುದು ನಿಂತ ದಿನ, ದನಿ ಚೆನ್ನಾಗಿ ಬಂದ ದಿನ, ಮತ್ತೆ ಕಟ್ಟಲು ಶುರುವಾದ ದಿನ, ಇಷ್ಟು ಬರೆದರೆ ಸಾಕು. ಎರಡು ಮೂರು ಸುತ್ತಿನಲ್ಲಿ ನಿಮ್ಮ ಅಳತೆ ಸಿಗುತ್ತದೆ. ಕೆಲವರಿಗೆ ಕಾಲು ಯೂನಿಟ್ ಹೆಚ್ಚುಕಮ್ಮಿ ಮಾಡಿದರೂ ಫರಕು ಗೊತ್ತಾಗುತ್ತದೆ. ಖರ್ಚು ಬರುವುದು ಹೆಚ್ಚಾಗಿ ಔಷಧಿಯ ಸೀಸೆಯ ಲೆಕ್ಕದಲ್ಲಿ. ವರ್ಷಕ್ಕೆ ಮೂರು ಸಲ ಎಂದು ಹಿಡಿದು, ಎಷ್ಟಾಗುತ್ತದೆ ಎಂದು ಶುರು ಮಾಡುವ ಮೊದಲೇ ಕೇಳಿ. ಅದರಲ್ಲಿ ನಾಚಿಕೆ ಬೇಡ.

ನೀವು ಟೀಚರ್ ಆಗಿರುವುದರಿಂದ ಶಾಲೆಯ ಕ್ಯಾಲೆಂಡರನ್ನೇ ಬಳಸಿಕೊಳ್ಳಬಹುದು. ಮೇ ಮಧ್ಯದಲ್ಲಿ ಹಾಕಿಸಿಕೊಂಡರೆ ತೆಳು ದನಿಯ ದಿನಗಳು ಬೇಸಿಗೆ ರಜೆಯಲ್ಲೇ ಕಳೆಯುತ್ತವೆ, ಶಾಲೆ ತೆರೆಯುವ ಹೊತ್ತಿಗೆ ದನಿ ಸಿದ್ಧ. ಮುಂದಿನದು ದಸರಾ ರಜೆಯ ಶುರುವಿಗೆ. ಮೂರನೆಯದು ಜನವರಿ ಕೊನೆಗೆ ಬರುತ್ತದೆ, ಆಗ ರಜೆ ಇಲ್ಲ. ಆ ಎರಡು ವಾರ ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಸ್ಪೀಕರು, ತಲೆಗೆ ಹಾಕಿಕೊಳ್ಳುವ ಮೈಕು ಬಳಸಿ. ಬೋರ್ಡಿನ ಮೇಲೆ ಲೆಕ್ಕ ಜಾಸ್ತಿ, ಮಾತು ಕಮ್ಮಿ. ಗಣಿತದವರಿಗೆ ಆ ಅನುಕೂಲ ಉಂಟು.

ಮಾತ್ರೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳುವಷ್ಟು ಗುಣ ಈ ಕಾಯಿಲೆಯಲ್ಲಿ ಕಾಣುವುದಿಲ್ಲ. ಆಸಿಡಿಟಿ ಮಾತ್ರೆ ಇದಕ್ಕೆ ಔಷಧಿ ಅಲ್ಲ. ಹೊಟ್ಟೆಗೆ ಬೇರೆ ಕಾರಣಕ್ಕೆ ಬೇಕೋ ಇಲ್ಲವೋ ಎಂದು ಕೊಟ್ಟವರನ್ನೇ ಕೇಳಿ ನಿಲ್ಲಿಸಿ. ಹಬೆ, ಜೇನು, ಲವಂಗ, ಮೌನವ್ರತ ಯಾವುದೂ ಸೆಳೆತ ಬಿಡಿಸುವುದಿಲ್ಲ. ಮದ್ಯ ಕುಡಿದಾಗ ದನಿ ಸಡಿಲವಾಯಿತು ಎಂದು ಕೆಲವು ರೋಗಿಗಳು ಹೇಳುತ್ತಾರೆ. ಅದು ನಿಜ, ರೋಗ ಗುರುತಿಸಲು ಉಪಯೋಗದ ಮಾತು. ಆದರೆ ಅದನ್ನು ಔಷಧಿ ಮಾಡಿಕೊಂಡವರ ಕಷ್ಟ ಎರಡಾಗಿದ್ದನ್ನು ನೋಡಿದ್ದೇನೆ. ಆಪರೇಷನ್ನುಗಳೂ ಇವೆ. ಲಾಸ್ ಏಂಜಲೀಸಿನ ಜೆರಾಲ್ಡ್ ಬರ್ಕ್ ಸೆಳೆತದ ನರದ ಕವಲನ್ನು ಕತ್ತರಿಸಿ ಬೇರೆ ನರ ಜೋಡಿಸುವ ವಿಧಾನ ತಂದರು. ಜಪಾನಿನ ನೊಬುಹಿಕೊ ಇಶ್ಶಿಕಿ ಧ್ವನಿಪೆಟ್ಟಿಗೆಯ ಮುಂಭಾಗವನ್ನು ಸೀಳಿ ಸ್ವಲ್ಪ ಅಗಲ ಮಾಡಿ ನಿಲ್ಲಿಸುವ ದಾರಿ ಹುಡುಕಿದರು. ಬೊಟಾಕ್ಸಿನಿಂದ ವರ್ಷಗಟ್ಟಲೆ ನೋಡಿ, ಅದು ಸಾಲದು ಎನಿಸಿದ ಮೇಲೆ ಯೋಚಿಸುವ ವಿಷಯ ಅದು. ನಿಮಗೆ ಈಗ ಬೇಡ.

ಮಗಳ ವಿಷಯ. ಈ ರೋಗಿಗಳಲ್ಲಿ ಹೆಚ್ಚಿನವರ ಮನೆಯಲ್ಲಿ ಇನ್ಯಾರಿಗೂ ಇದು ಇರುವುದಿಲ್ಲ. ಕೆಲವು ಕುಟುಂಬಗಳಲ್ಲಿ ಡಿಸ್ಟೋನಿಯಾ ವಂಶದಲ್ಲಿ ಹರಿಯುತ್ತದೆ. ನಿಮ್ಮ ಕಡೆ ಯಾರಿಗಾದರೂ ಕತ್ತು ತಿರುಚುವುದು, ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುವುದು, ಬರೆಯುವಾಗ ಕೈ ಸೆಟೆಯುವುದು ಇದ್ದರೆ ವೈದ್ಯರಿಗೆ ಹೇಳಿ. ಇಲ್ಲದಿದ್ದರೆ ಮಗಳ ದನಿಯನ್ನು ದಿನಾ ಪರೀಕ್ಷೆ ಮಾಡುತ್ತಾ ಕೂರಬೇಡಿ.

ಇದು ಪೂರ್ತಿ ವಾಸಿಯಾಗುತ್ತದೆ ಎಂದು ನಾನು ಸುಮ್ನೆ ಮಾತು ಕೊಡಲಾರೆ. ಬಹುತೇಕರಲ್ಲಿ ಇದು ಜೀವನದುದ್ದಕ್ಕೂ ಇರುತ್ತದೆ. ಹೆಚ್ಚಿನವರಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ, ಜೀವಕ್ಕೆ ಅಪಾಯ ಇಲ್ಲ. ಅಮೆರಿಕದ ರೇಡಿಯೋದಲ್ಲಿ ಮಾತೇ ಕೆಲಸವಾಗಿದ್ದ ಡಯೇನ್ ರೀಮ್ ಅವರಿಗೆ 1998ರಲ್ಲಿ ಇದೇ ಕಾಯಿಲೆ ಎಂದು ಗೊತ್ತಾಯಿತು. ಚಿಕಿತ್ಸೆ ತೆಗೆದುಕೊಳ್ಳುತ್ತಾ 2016ರವರೆಗೆ ಅವರು ತಮ್ಮ ದಿನದ ಕಾರ್ಯಕ್ರಮ ನಡೆಸಿದರು. ಹಾಗಾಗಿ ಕೆಲಸ ಬಿಡುವ ಅರ್ಜಿಯನ್ನು ಈಗ ಬರೆಯಬೇಡಿ. ಮೊದಲು ರೋಗಕ್ಕೆ ಹೆಸರು ಸಿಗಲಿ, ಎರಡು ಮೂರು ಸುತ್ತು ಚಿಕಿತ್ಸೆ ಆಗಲಿ.

ಎಲ್ಲಿ ತೋರಿಸುವುದು? ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ದನಿಯನ್ನು ಕನ್ನಡದಲ್ಲೇ ಕೇಳಿ ಅಳೆಯಬಲ್ಲವರಿದ್ದಾರೆ. ನರದ ಕಡೆಯಿಂದ ನೋಡಲು ಬೆಂಗಳೂರಿನ ನಿಮ್ಹಾನ್ಸ್ ಇದೆ. ಇಂಜೆಕ್ಷನ್ನಿಗೆ, ಧ್ವನಿಪೆಟ್ಟಿಗೆಯನ್ನೇ ಹೆಚ್ಚಾಗಿ ನೋಡುವ ಇ.ಎನ್.ಟಿ. ವೈದ್ಯರು ಬೇಕು. ‘ನೀವು ಇದನ್ನು ಎಷ್ಟು ಜನರಿಗೆ ಹಾಕಿದ್ದೀರಿ?’ ಎಂದು ಕೇಳಿ. ಅನುಭವ ಇದ್ದವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೋಗುವ ಮೊದಲು ಒಂದು ಕೆಲಸ ಮಾಡಿ. ಆಸ್ಪತ್ರೆಯ ಕುರ್ಚಿಯಲ್ಲಿ ಕೂತಾಗ ದನಿ ಕೆಲವು ಸಲ ಚೆನ್ನಾಗಿ ಬಂದುಬಿಡುತ್ತದೆ, ವೈದ್ಯರಿಗೆ ಏನೂ ಸಿಗುವುದಿಲ್ಲ. ಅದಕ್ಕೆ ಮೊಬೈಲಿನಲ್ಲಿ ನಿಮ್ಮ ದನಿಯನ್ನು ನೀವೇ ರೆಕಾರ್ಡ್ ಮಾಡಿಕೊಳ್ಳಿ. ಯಾರಿಗಾದರೂ ಫೋನು ಮಾಡಿ ಒಂದು ನಿಮಿಷ ಮಾತಾಡಿದ್ದು, ಅದೇ ಮಾತನ್ನು ಪಿಸುಗುಟ್ಟಿದ್ದು, ಒಂದು ದೇವರನಾಮದ ಎರಡು ಸಾಲು, ಅರಳಿ ಮರ ಮತ್ತು ಕತ್ತೆಯ ಸಾಲುಗಳು. ಕೊನೆಗೆ ತರಗತಿಯ ಹಾಜರಿ, ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ, ಎಲ್ಲಿಯೂ ಹೆಸರು ಬಿಡದೆ. ಅದನ್ನು ವೈದ್ಯರಿಗೆ ಮೊದಲು ಕೇಳಿಸಿ, ಕ್ಯಾಮೆರಾ ಆಮೇಲೆ.